ಚಿಕ್ಕದೇವರಾಜ ಒಡೆಯರು ಮತ್ತು ಯಳಂದೂರಿನ ಗೆಳೆಯ

ಮೈಸೂರು ಅರಸರಲ್ಲಿ ಚಿಕ್ಕದೇವರಾಜ ಒಡೆಯರ ಹೆಸರನ್ನು ಕೇಳದ ವಿದ್ಯಾರ್ಥಿ ಇಲ್ಲ. ಅಂಚೆ ವ್ಯವಸ್ಥೆ, ಅಠಾರಾ ಕಚೇರಿ, ನವಕೋಟಿ ನಾರಾಯಣ ಎಂಬ ಬಿರುದು, ಬೆಂಗಳೂರನ್ನು ಕೊಂಡ ಸಂಗತಿ, ಇವು ಪರೀಕ್ಷೆಗೆ ಬಾಯಿಪಾಠ ಮಾಡುವ ವಿಷಯಗಳು. ಆದರೆ ಆ ದೊರೆಯ ಬದುಕಿಗೂ ನಮ್ಮ ಈ ಸೀಮೆಗೂ ಇರುವ ನಂಟು ಪಠ್ಯಪುಸ್ತಕದ ಸಾಲುಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅದು ಯುದ್ಧದ ನಂಟಲ್ಲ, ಗೆಳೆತನದ ನಂಟು. ಐವತ್ತು ವರ್ಷಗಳಿಂದ ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು ಗೆಳೆಯರಾಗುತ್ತಾ ಬಂದಿರುವ ಶಾಲೆಯೊಂದರ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಆ ಕಥೆಯನ್ನು ನೆನೆಯುವುದು ಉಚಿತವೆಂದು ಭಾವಿಸಿ ಈ ಲೇಖನ ಬರೆದಿದ್ದೇನೆ.

ಚಿಕ್ಕದೇವರಾಜರು ಹುಟ್ಟಿದ್ದು 1645ರಲ್ಲಿ. ಆಗ ಶ್ರೀರಂಗಪಟ್ಟಣದಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದರು. 1659ರಲ್ಲಿ ಅವರು ತೀರಿಕೊಂಡಾಗ ಪಟ್ಟ ದೇವರಾಜ ಒಡೆಯರಿಗೆ ಹೋಯಿತು. ಅವರು ಚಿಕ್ಕದೇವರಾಜರಿಗೆ ಚಿಕ್ಕಪ್ಪನಾಗಬೇಕು. ಹದಿನಾಲ್ಕು ವರ್ಷದ ಹುಡುಗ ಚಿಕ್ಕದೇವರಾಜ ರಾಜಕುಮಾರನೇನೋ ಹೌದು, ಆದರೆ ಮುಂದೆ ದೊರೆಯಾಗುತ್ತಾನೆ ಎಂಬ ಭರವಸೆ ಯಾರಿಗೂ ಇರಲಿಲ್ಲ. ಅರಮನೆಯಲ್ಲಿ ಪಟ್ಟಕ್ಕೆ ಹತ್ತಿರದವನು ಎಂಬುದೇ ಕೆಲವೊಮ್ಮೆ ಅಪಾಯ. ತಂದೆಯೊಂದಿಗೆ ರಾಜಧಾನಿಯಿಂದ ದೂರ, ಗುಂಡ್ಲುಪೇಟೆ ಸೀಮೆಯ ಹಂಗಳದಲ್ಲಿ ಕೆಲವು ವರ್ಷ ಇರಬೇಕಾಯಿತು. ತಂದೆಯ ನೆನಪಿಗಾಗಿ ಮುಂದೆ ಗುಂಡ್ಲುಪೇಟೆಯಲ್ಲಿ ಕಟ್ಟಿಸಿದ ಪರವಾಸುದೇವ ದೇವಾಲಯ ಇಂದಿಗೂ ಅಲ್ಲಿ ನಿಂತಿದೆ.

ಈ ಅಜ್ಞಾತವಾಸದಂಥ ದಿನಗಳಲ್ಲಿ ಆ ತರುಣನಿಗೆ ಸಿಕ್ಕ ಗೆಳೆಯನೇ ಯಳಂದೂರಿನ ವಿಶಾಲಾಕ್ಷ ಪಂಡಿತ. ಯಳಂದೂರು ಆಗ ಹದಿನಾಡಿನ ಪ್ರಭುಗಳ ಊರು. ಗೌರೀಶ್ವರ ದೇವಾಲಯದ ಮುಂದೆ ನಾವೆಲ್ಲ ಕತ್ತೆತ್ತಿ ನೋಡುವ ಬಳೆಮಂಟಪವನ್ನು ಮುದ್ದುರಾಜ ಪ್ರಭು ಕಟ್ಟಿಸಿದ್ದು ಆ 17ನೇ ಶತಮಾನದ ನಡುಭಾಗದಲ್ಲೇ. ಊರಿನಲ್ಲಿ ವಿದ್ವಾಂಸರಿದ್ದರು, ಕವಿಗಳಿದ್ದರು. ರಾಜಶೇಖರ ವಿಳಾಸವನ್ನು ಬರೆದ ಷಡಕ್ಷರದೇವನ ಗದ್ದುಗೆ ಇರುವುದೂ ಇದೇ ಊರಿನಲ್ಲಿ. ಅಂಥ ಊರಿನ ಜೈನ ಪಂಡಿತ ಮನೆತನದಲ್ಲಿ ಹುಟ್ಟಿದವನು ವಿಶಾಲಾಕ್ಷ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಲು ಆರಂಭಿಸಿದ ದಕ್ಷಿಣ ಭಾರತದ ಇತಿಹಾಸದಲ್ಲಿ, ಚಿಕ್ಕದೇವರಾಜರು ತಾರುಣ್ಯದ ಒಂದು ಕಾಲವನ್ನು ಯಳಂದೂರಿನಲ್ಲಿ ಕಳೆದರೆಂದೂ, ಈ ಗೆಳೆತನ ಬೆಳೆದದ್ದು ಅಲ್ಲಿಯೇ ಎಂದೂ ಹೇಳಿದ್ದಾನೆ.

ಇಬ್ಬರ ಸ್ಥಿತಿಯನ್ನು ಒಮ್ಮೆ ಯೋಚಿಸಿ ನೋಡಿ. ಒಬ್ಬ ಪಟ್ಟ ಸಿಗುವುದೋ ಇಲ್ಲವೋ ತಿಳಿಯದ ರಾಜಕುಮಾರ. ಅವನ ಹತ್ತಿರ ಕೊಡಲು ಹುದ್ದೆಯಿಲ್ಲ, ಜಹಗೀರಿಲ್ಲ, ಹಣವೂ ಇಲ್ಲ. ಅವನ ಜೊತೆ ಹೆಚ್ಚು ಓಡಾಡಿದರೆ ರಾಜಧಾನಿಯಲ್ಲಿರುವವರ ಅನುಮಾನಕ್ಕೆ ಗುರಿಯಾಗುವ ಭಯ ಬೇರೆ. ಇನ್ನೊಬ್ಬ ಓದು ಬರಹ ಬಲ್ಲ ಪಂಡಿತರ ಮನೆಯ ಹುಡುಗ. ಅವನಿಗೆ ಬೇಕೆಂದಿದ್ದರೆ ಆಳುವ ದೊರೆಯ ಕಡೆಯವರನ್ನು ಓಲೈಸಿ ಬದುಕಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ಗೆಳೆಯನ ಜೊತೆಗೇ ನಿಂತ. ಶಾಸ್ತ್ರ, ಸಾಹಿತ್ಯ, ರಾಜನೀತಿಯ ಮಾತುಗಳಲ್ಲಿ ಇಬ್ಬರ ಕಾಲ ಕಳೆಯಿತು. ನೀನು ದೊರೆಯಾಗುವೆ ಎಂದು ಪಂಡಿತ ಭವಿಷ್ಯ ನುಡಿಯುತ್ತಿದ್ದನಂತೆ. ಹಾಗಾದ ದಿನ ನೀನೇ ನನ್ನ ಮಂತ್ರಿ ಎಂದು ರಾಜಕುಮಾರ ಮಾತು ಕೊಟ್ಟನಂತೆ. ಹರೆಯದಲ್ಲಿ ಗೆಳೆಯರು ಇಂಥ ಮಾತುಗಳನ್ನು ಎಷ್ಟೋ ಆಡುತ್ತಾರೆ. ಆಡಿದಷ್ಟೇ ಬೇಗ ಮರೆಯುತ್ತಾರೆ. ಇಲ್ಲಿ ಹಾಗಾಗಲಿಲ್ಲ.

1673ರ ಆರಂಭದಲ್ಲಿ ದೇವರಾಜ ಒಡೆಯರು ತೀರಿಕೊಂಡರು. ಪಟ್ಟ ಚಿಕ್ಕದೇವರಾಜರಿಗೆ ಬಂತು. ಆಗ ಅವರಿಗೆ 27 ವರ್ಷ. ಹೊಸ ದೊರೆಯ ಸುತ್ತ ಆ ದಿನ ಎಷ್ಟು ಹೊಸ ಗೆಳೆಯರು ಸೇರಿರಬೇಡ! ಹಂಗಳದಲ್ಲಿದ್ದಾಗ ಇತ್ತ ತಲೆಹಾಕದವರೂ ಕಾಣಿಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಿರಬೇಕು. ದೊರೆ ಹಳೆಯ ಮಾತನ್ನು ಮರೆಯಲಿಲ್ಲ. ಯಳಂದೂರಿನ ವಿಶಾಲಾಕ್ಷ ಪಂಡಿತನನ್ನು ಕರೆಸಿ ಪ್ರಧಾನಿಯಾಗಿ ಮಾಡಿಕೊಂಡರು. ಮುಂದಿನ 13 ವರ್ಷ ರಾಜ್ಯದ ಆಡಳಿತದ ಚುಕ್ಕಾಣಿ ಈ ಪಂಡಿತನ ಕೈಯಲ್ಲಿತ್ತು.

ವಿಶಾಲಾಕ್ಷ ಒಬ್ಬನೇ ಅಲ್ಲ. ಚಿಕ್ಕದೇವರಾಜರು ಆಡಳಿತಕ್ಕೆ ನೆರವಾಗಲು ಐವರ ಮಂತ್ರಿಮಂಡಲವನ್ನು ಕಟ್ಟಿಕೊಂಡಿದ್ದರು. ವಿಶಾಲಾಕ್ಷ ಪಂಡಿತ, ತಿರುಮಲಾರ್ಯ, ಷಡಕ್ಷರಯ್ಯ, ಚಿಕ್ಕುಪಾಧ್ಯಾಯ, ಕರಣಿಕ ಲಿಂಗಣ್ಣಯ್ಯ, ಇವರೇ ಆ ಐವರು. ಇವರಲ್ಲಿ ತಿರುಮಲಾರ್ಯ ದೊರೆಯ ವಯಸ್ಸಿನವನು, ಬಾಲ್ಯದ ಒಡನಾಡಿ, ಜೊತೆಗೆ ಕಲಿತವನು. ಚಿಕ್ಕುಪಾಧ್ಯಾಯ ನಮ್ಮ ಜಿಲ್ಲೆಯ ತೆರಕಣಾಂಬಿಯವನು, ಹತ್ತಾರು ಗ್ರಂಥ ರಚಿಸಿದ ಪಂಡಿತ. ದೊರೆ ಶ್ರೀವೈಷ್ಣವ ಭಕ್ತರು. ಆದರೆ ಹತ್ತಿರ ಕೂರಿಸಿಕೊಂಡವರಲ್ಲಿ ಜೈನನಿದ್ದ, ವೀರಶೈವನಿದ್ದ, ಶ್ರೀವೈಷ್ಣವರಿದ್ದರು. ತಮ್ಮ ಮತದವರೇ ಆಗಬೇಕು, ತಮ್ಮ ಕುಲದವರೇ ಆಗಬೇಕು ಎಂದು ಅವರು ಹಟ ಹಿಡಿಯಲಿಲ್ಲ. ಬಲ್ಲವರು ಬೇಕು, ನಂಬಿಗಸ್ತರು ಬೇಕು ಎಂಬುದಷ್ಟೇ ಅಳತೆಗೋಲಾಗಿತ್ತು.

ಸಂಗದ ಫಲ ಏನೆಂಬುದನ್ನು ಆ ಕಾಲದ ಸಾಹಿತ್ಯವೇ ಹೇಳುತ್ತದೆ. ತಿರುಮಲಾರ್ಯ ಚಿಕದೇವರಾಜ ವಿಜಯ, ಚಿಕದೇವರಾಜ ವಂಶಾವಳಿ, ಅಪ್ರತಿಮ ವೀರ ಚರಿತೆಗಳನ್ನು ಬರೆದ. ಅವನ ತಮ್ಮ ಸಿಂಗರಾರ್ಯ ಬರೆದ ಮಿತ್ರವಿಂದಾ ಗೋವಿಂದ ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ನಾಟಕ. ದೊರೆಯ ಹೆಸರಿನಲ್ಲೂ ಚಿಕದೇವರಾಜ ಬಿನ್ನಪ, ಗೀತಗೋಪಾಲ ಎಂಬ ಕೃತಿಗಳಿವೆ. ವಿದ್ವಾಂಸರ ನಡುವೆ ಕುಳಿತ ದೊರೆಯ ಆಸ್ಥಾನದಲ್ಲಿ ವಿದ್ಯೆ ಬೆಳೆಯಿತು. ಹೊಗಳುಭಟ್ಟರನ್ನೇ ಸುತ್ತ ಕೂರಿಸಿಕೊಂಡಿದ್ದರೆ ಬರೀ ಬಿರುದಾವಳಿ ಉಳಿಯುತ್ತಿತ್ತು.

ಇದೇ ಅರಮನೆಯಲ್ಲಿ ಯಳಂದೂರಿನ ಇನ್ನೊಂದು ಸ್ನೇಹವೂ ಬೆಳೆಯುತ್ತಿತ್ತು. ಚಿಕ್ಕದೇವರಾಜರ ಪಟ್ಟದ ರಾಣಿ ದೇವಾಜಮ್ಮಣ್ಣಿ ಯಳಂದೂರಿನವರು. ಅವರ ಬಳಿ ಎಲೆ ಅಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದವಳು ಅದೇ ಊರಿನ ಹೊನ್ನಮ್ಮ. ಊಳಿಗದವಳು ಎಂದರೆ ಕರೆದಾಗ ಬರಬೇಕು, ಎಲೆ ಮಡಿಸಿ ಕೊಡಬೇಕು, ಹಿಂದೆ ನಿಲ್ಲಬೇಕು. ಆದರೆ ರಾಣಿ ಅವಳ ಕೈಯಲ್ಲಿದ್ದ ಸಂಚಿಯನ್ನಷ್ಟೇ ನೋಡಲಿಲ್ಲ. ಅವಳಿಗೆ ಒಲಿದಿದ್ದ ಮಾತಿನ ಸೊಗಸನ್ನು, ಕವಿತೆ ಕಟ್ಟುವ ಶಕ್ತಿಯನ್ನು ಗುರುತಿಸಿದರು. ಗುರುತಿಸಿ ಸುಮ್ಮನಾಗದೆ ದೊರೆಯ ಮುಂದೆ ಅವಳನ್ನು ಮೆಚ್ಚಿ ಮಾತಾಡಿದರು. ದೊರೆ ಕಾವ್ಯ ಬರೆಯುವಂತೆ ಅಪ್ಪಣೆ ಕೊಟ್ಟರು. ಅಳಸಿಂಗರಾರ್ಯನ ಪಾಠ ಅವಳಿಗೆ ದೊರೆಯಿತು. ಹೀಗೆ ಹುಟ್ಟಿದ್ದು ಹದಿಬದೆಯ ಧರ್ಮ ಎಂಬ ಸಾಂಗತ್ಯ ಕಾವ್ಯ. ಒಂಬತ್ತು ಸಂಧಿಗಳ ಈ ಕಾವ್ಯ ಗೃಹಿಣಿಯ ಧರ್ಮವನ್ನು ಹೇಳುತ್ತದೆ. ಅದರ ನಡುವೆಯೇ ಹೆಣ್ಣುಮಗು ಎಂದು ಹೀನಾಯವಾಗಿ ಕಾಣುವವರನ್ನು ಹೊನ್ನಮ್ಮ ಎದುರು ನಿಲ್ಲಿಸಿಕೊಂಡು ಪ್ರಶ್ನಿಸುತ್ತಾಳೆ. ಹಡೆದವಳೂ ಸಾಕಿದವಳೂ ಹೆಣ್ಣೇ ಅಲ್ಲವೇ ಎಂಬುದು ಅವಳ ವಾದದ ತಿರುಳು. ಮುನ್ನೂರು ವರ್ಷಗಳ ಹಿಂದೆ, ಅರಮನೆಯ ಊಳಿಗದ ಹೆಣ್ಣೊಬ್ಬಳು ಈ ಮಾತನ್ನು ಬರೆದಿಟ್ಟಳು ಎಂದರೆ ಅದರ ಹಿಂದೆ ಅವಳ ಪ್ರತಿಭೆಯಷ್ಟೇ ರಾಣಿಯ ಸ್ನೇಹವೂ ಇದೆ. ತನಗಿಂತ ಕೆಳಗಿನ ಸ್ಥಾನದಲ್ಲಿರುವವರ ಗುಣವನ್ನು ಕಂಡು ಸಂತೋಷಪಟ್ಟು, ಅದನ್ನು ಹತ್ತು ಜನರ ಮುಂದೆ ಹೇಳುವುದು ದೊಡ್ಡ ಸ್ನೇಹ. ಹೊನ್ನಮ್ಮನೂ ಆ ಋಣವನ್ನು ಮುಚ್ಚಿಡದೆ ಕಾವ್ಯದಲ್ಲಿ ನೆನೆದಿದ್ದಾಳೆ.

ಈಗ ಕಥೆಯ ಕಹಿಯಾದ ಭಾಗಕ್ಕೆ ಬರಬೇಕು. ಗೆಳೆತನದ ವಿಷಯ ಬರೆಯುವಾಗ ಅದರ ಸಿಹಿಯನ್ನಷ್ಟೇ ಬರೆದರೆ ಮಕ್ಕಳಿಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ.

ಚಿಕ್ಕದೇವರಾಜರಿಗೆ ಬೊಕ್ಕಸ ತುಂಬಬೇಕಿತ್ತು. ಉತ್ತರದಿಂದ ಮರಾಠರು, ಅವರ ಹಿಂದೆಯೇ ಮೊಗಲರು ದಕ್ಷಿಣಕ್ಕೆ ಇಳಿಯುತ್ತಿದ್ದ ಕಾಲ ಅದು. ಸೈನ್ಯ ಸಾಕಲು ಹಣ ಬೇಕು. ಬೆಳೆಯಲ್ಲಿ ಆರರಲ್ಲೊಂದು ಪಾಲು ಅರಸನಿಗೆ ಎಂಬುದು ಶಾಸ್ತ್ರದ ಕಟ್ಟಳೆ. ಅದನ್ನು ನೇರವಾಗಿ ಮೀರುವಂತಿಲ್ಲ. ಹಾಗಾಗಿ ಸಣ್ಣಪುಟ್ಟ ತೆರಿಗೆಗಳು ಒಂದರ ಮೇಲೊಂದು ಬಂದವು. ಒಂದೊಂದೇ ನೋಡಿದರೆ ಸಣ್ಣವು, ಕೂಡಿಸಿದರೆ ರೈತನ ಬೆನ್ನು ಮುರಿಯುವಷ್ಟು ಭಾರ. ರೈತರು ತಿರುಗಿ ನಿಂತರು. ಊರಬಾಗಿಲ ಮರಗಳಿಗೆ ನೇಗಿಲುಗಳನ್ನು ತಲೆಕೆಳಗಾಗಿ ನೇತುಹಾಕಿ, ಇನ್ನು ಉಳುವುದಿಲ್ಲ ಎಂದು ಸಾರಿದರೆಂದು ವಿಲ್ಕ್ಸ್ ಬರೆದಿದ್ದಾನೆ. ಜಂಗಮರು ರೈತರ ಬೆನ್ನಿಗಿದ್ದರು. ಅರಮನೆ ಈ ಕೂಗನ್ನು ಕೇಳಲಿಲ್ಲ. ದಂಗೆಯನ್ನು ಬಲದಿಂದ ಹತ್ತಿಕ್ಕಿತು. ನಂಜನಗೂಡಿನಲ್ಲಿ ಜಂಗಮರ ಹತ್ಯೆ ನಡೆಯಿತೆಂಬ ವಿವರವೂ ಅದೇ ಇತಿಹಾಸದಲ್ಲಿದೆ.

ಆಗ ಪ್ರಧಾನಿ ವಿಶಾಲಾಕ್ಷ ಪಂಡಿತ. ನೊಂದವರ ಸಿಟ್ಟು ಅವನ ಮೇಲೆ ತಿರುಗಿತು. ದೊರೆಯ ಹರೆಯದ ಗೆಳೆಯ, ದೊರೆ ಯಾರ ಮಾತನ್ನಾದರೂ ಕೇಳಬಹುದಾಗಿದ್ದರೆ ಅದು ಇವನ ಮಾತು. ಹೀಗಿದ್ದೂ ಈ ಅನ್ಯಾಯ ನಡೆಯಿತಲ್ಲ ಎಂದು ಜನ ಅಂದುಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ಅಧಿಕಾರದಲ್ಲಿರುವವನ ಗೆಳೆಯನಿಗೆ ಒಂದು ಹೆಚ್ಚಿನ ಹೊಣೆ ಇರುತ್ತದೆ. ಬೇರೆಯವರು ಹೆದರಿ ಹೇಳದ್ದನ್ನು ಅವನು ಹೇಳಬೇಕು. ಕಷ್ಟದಲ್ಲಿ ಜೊತೆ ನಿಲ್ಲುವುದು ಗೆಳೆತನದ ಒಂದು ಮುಖ. ಗೆಳೆಯ ದಾರಿ ತಪ್ಪುವಾಗ ಅಡ್ಡ ನಿಲ್ಲುವುದು ಇನ್ನೊಂದು ಮುಖ, ಹೆಚ್ಚು ಕಠಿಣವಾದ ಮುಖ. ಮೊದಲನೆಯದನ್ನು ಈ ಇಬ್ಬರ ಗೆಳೆತನ ಪೂರ್ತಿಯಾಗಿ ತೋರಿಸಿತು. ಎರಡನೆಯದರಲ್ಲಿ ಅದು ಸೋತಿತು ಎಂದೇ ಹೇಳಬೇಕಾಗುತ್ತದೆ. ಆ ಸೋಲಿನ ಬೆಲೆಯನ್ನು ಮೊದಲು ತೆತ್ತವರು ರೈತರು ಮತ್ತು ಜಂಗಮರು.

ನಂತರ ತೆತ್ತವನು ಪಂಡಿತ. 1686ರ ಒಂದು ರಾತ್ರಿ ಅರಮನೆಯಿಂದ ಮನೆಗೆ ಹಿಂದಿರುಗುತ್ತಿದ್ದಾಗ ವಿಶಾಲಾಕ್ಷ ಪಂಡಿತನ ಮೇಲೆ ಹಲ್ಲೆ ನಡೆಯಿತು. ಗಾಯ ಆಳವಾಗಿತ್ತು, ಬದುಕುವ ಆಸೆ ಇರಲಿಲ್ಲ. ಸುದ್ದಿ ತಿಳಿದು ದೊರೆಯೇ ಗೆಳೆಯನ ಹಾಸಿಗೆಯ ಬಳಿಗೆ ಬಂದರು. ನಿನ್ನ ನಂತರ ಈ ಹೊಣೆಯನ್ನು ಯಾರಿಗೆ ವಹಿಸಲಿ ಎಂದು ಕೇಳಿದರು.

ಸಾಯುವ ಮನುಷ್ಯನಿಗೆ ಇದು ಕೊನೆಯ ಅವಕಾಶ. ಮನೆತನದವರ ಹೆಸರು ಹೇಳಬಹುದಿತ್ತು. ತನ್ನ ಮತದ ಒಬ್ಬನನ್ನು ಸೂಚಿಸಬಹುದಿತ್ತು. ದೊರೆ ತೆಗೆದುಹಾಕುತ್ತಿರಲಿಲ್ಲ. ವಿಶಾಲಾಕ್ಷ ಸೂಚಿಸಿದ್ದು ತಿರುಮಲಾರ್ಯನನ್ನು. ಮತದಲ್ಲಿ ಅವನು ಬೇರೆ, ಸಂಬಂಧದಲ್ಲಿ ಏನೂ ಅಲ್ಲ. ಆದರೆ ಬುದ್ಧಿವಂತ, ಪ್ರಾಮಾಣಿಕ, ರಾಜ್ಯಕ್ಕೆ ಬೇಕಾದವನು. ದೊರೆ ಆ ಮಾತನ್ನು ನಡೆಸಿದರು. ತಿರುಮಲಾರ್ಯ ಪ್ರಧಾನಿಯಾದ, ದೊರೆಯ ಆಳ್ವಿಕೆಯ ಕೊನೆಯವರೆಗೂ ಆ ಹುದ್ದೆಯಲ್ಲಿದ್ದ.

ಮರುವರ್ಷವೇ, 1687ರಲ್ಲಿ, ಮೊಗಲರ ಕೈಸೇರಿದ್ದ ಬೆಂಗಳೂರು 3 ಲಕ್ಷ ರೂಪಾಯಿಗೆ ಮೈಸೂರಿನದಾಯಿತು. ರಾಜ್ಯ ಸೇಲಂ, ಕೊಯಮತ್ತೂರುಗಳ ಕಡೆಗೂ ಬೆಳೆಯಿತು. ಕಾವೇರಿಯಿಂದ ತೆಗೆದ ಚಿಕ್ಕದೇವರಾಜ ನಾಲೆ ಶ್ರೀರಂಗಪಟ್ಟಣದ ಸುತ್ತಿನ ಗದ್ದೆಗಳಿಗೆ ನೀರು ಹರಿಸಿತು. ಕಾಗದ ಪತ್ರಗಳನ್ನು ಊರಿಂದೂರಿಗೆ ಮುಟ್ಟಿಸುವ, ಜೊತೆಗೆ ರಾಜ್ಯದ ಸುದ್ದಿಯನ್ನು ದೊರೆಗೆ ತಲುಪಿಸುವ ಅಂಚೆ ನೆಲೆಗೊಂಡಿತು. ಔರಂಗಜೇಬನ ಬಳಿಗೆ ಹೋಗಿಬಂದ ರಾಯಭಾರದ ನಂತರ ಆಡಳಿತವನ್ನು 18 ಇಲಾಖೆಗಳಾಗಿ ಹಂಚಿದ ಅಠಾರಾ ಕಚೇರಿ ಏರ್ಪಟ್ಟಿತು. ಪ್ರತಿದಿನ ಸಾವಿರ ವರಹದ ಎರಡು ಚೀಲ ಬೊಕ್ಕಸಕ್ಕೆ ಸೇರದೆ ದೊರೆ ಊಟ ಮಾಡುತ್ತಿರಲಿಲ್ಲ ಎಂಬ ಮಾತೂ ಹುಟ್ಟಿತು. 1704ರ ನವೆಂಬರಿನಲ್ಲಿ ಚಿಕ್ಕದೇವರಾಜ ಒಡೆಯರು ತೀರಿಕೊಂಡಾಗ, ಅವರು ಬಿಟ್ಟುಹೋದ ರಾಜ್ಯ ಅವರಿಗೆ ಬಂದಾಗ ಇದ್ದುದಕ್ಕಿಂತ ಬಹಳ ದೊಡ್ಡದಾಗಿತ್ತು, ಗಟ್ಟಿಯಾಗಿತ್ತು.

ಇವಿಷ್ಟೂ ದೊರೆಯ ಸಾಧನೆಗಳೆಂದು ಪುಸ್ತಕದಲ್ಲಿ ಬರೆಯುತ್ತೇವೆ, ಅದು ಸರಿಯೇ. ಆದರೆ ದೊರೆ ಎಂದರೆ ಒಬ್ಬ ಮನುಷ್ಯ. ಅವನು ಯಾರ ಮಾತು ಕೇಳುತ್ತಾನೆ, ಯಾರ ಜೊತೆ ಕೂರುತ್ತಾನೆ ಎಂಬುದರ ಮೇಲೆ ಅವನ ಆಳ್ವಿಕೆಯ ಒಳಿತು ಕೆಡುಕು ನಿಂತಿರುತ್ತದೆ. ಚಿಕ್ಕದೇವರಾಜರ ಆಳ್ವಿಕೆಯ ಒಳ್ಳೆಯ ಭಾಗ ಒಳ್ಳೆಯ ಸಂಗದಿಂದ ಬಂತು. ಕೆಟ್ಟ ಭಾಗ, ಆ ಒಳ್ಳೆಯ ಸಂಗವೂ ಬಾಯಿ ಬಿಡದೆ ಇದ್ದ ಕಡೆ ಬಂತು.

ಈ ಮಾತು ನಮ್ಮ ಶಾಲೆಯ ಮಕ್ಕಳಿಗೆ ಏಕೆ ಬೇಕು? ನಮ್ಮಲ್ಲಿ ಯಾರೂ ಪಟ್ಟಕ್ಕೆ ಕಾಯುತ್ತಿರುವ ರಾಜಕುಮಾರರಲ್ಲ ನಿಜ. ಆದರೆ ಎಂಟನೇ ತರಗತಿಗೆ ಕಾಲಿಡುವ ಹುಡುಗನ ಸ್ಥಿತಿ ಹಂಗಳದ ಆ ತರುಣನ ಸ್ಥಿತಿಗಿಂತ ಬಹಳ ಬೇರೆಯಲ್ಲ. ಮುಂದೆ ಏನಾಗುವೆ ಎಂಬುದು ಅವನಿಗೂ ತಿಳಿಯದು, ಮನೆಯವರಿಗೂ ತಿಳಿಯದು. ಆ ಮೂರು ವರ್ಷಗಳಲ್ಲಿ ಅವನ ಪಕ್ಕದಲ್ಲಿ ಕೂರುವವನು ಯಾರು ಎಂಬುದು ಎಷ್ಟೋ ಸಂಗತಿಗಳನ್ನು ತೀರ್ಮಾನಿಸಿಬಿಡುತ್ತದೆ. ಬೆಟ್ಟದ ತಪ್ಪಲಿನ ಹಳ್ಳಿಯಿಂದ ಬೆಳಿಗ್ಗೆ ಬಸ್ಸಿಗೆ ಕಾಯುವ ಇಬ್ಬರು ಹುಡುಗರಲ್ಲಿ ಒಬ್ಬ ಇವತ್ತು ಶಾಲೆ ಬೇಡ ಎಂದರೆ ಇನ್ನೊಬ್ಬನೂ ಇಳಿದುಹೋಗಬಹುದು. ಒಬ್ಬ ಬಾ, ಲೆಕ್ಕ ನಾನು ತೋರಿಸುತ್ತೇನೆ ಎಂದರೆ ಇಬ್ಬರೂ ಎಸ್.ಎಸ್.ಎಲ್.ಸಿ. ದಾಟಬಹುದು. ಮೊದಲ ಗುಟ್ಕಾ ಪ್ಯಾಕೆಟ್ಟು ಹೆಚ್ಚಾಗಿ ಗೆಳೆಯನ ಕೈಯಿಂದಲೇ ಬರುತ್ತದೆ. ಬೇಡ ಎಂದು ಕೈ ಹಿಡಿಯುವವನೂ ಗೆಳೆಯನೇ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಹೆಚ್ಚು ಸತ್ಯ. ಒಂಬತ್ತನೇ ತರಗತಿಯ ಹುಡುಗಿ ಹದಿನೈದು ದಿನದಿಂದ ಶಾಲೆಗೆ ಬಂದಿಲ್ಲ ಎಂದರೆ ಏನೋ ನಡೆದಿದೆ ಎಂದು ಮೊದಲು ತಿಳಿಯುವುದು ಅವಳ ಗೆಳತಿಗೆ. ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿದೆ ಎಂಬುದನ್ನು ಅವಳು ಹೇಳಿಕೊಳ್ಳುವುದೂ ಗೆಳತಿಯ ಬಳಿಯೇ. ಆ ಗೆಳತಿ ಗುಟ್ಟು ಕಾಪಾಡುತ್ತೇನೆಂದು ಸುಮ್ಮನಿದ್ದರೆ ಒಂದು ಜೀವನ ಮುಚ್ಚಿಹೋಗುತ್ತದೆ. ಧೈರ್ಯ ಮಾಡಿ ಶಿಕ್ಷಕರಿಗೆ ಹೇಳಿದರೆ, ಅಥವಾ 1098ಕ್ಕೆ ಫೋನು ಮಾಡಿದರೆ, ಅದು ಉಳಿಯುತ್ತದೆ. ದೇವಾಜಮ್ಮಣ್ಣಿ ಹೊನ್ನಮ್ಮನಿಗಾಗಿ ಬಾಯಿ ಬಿಟ್ಟು ಮಾತಾಡಿದಂತೆ, ಗೆಳತಿಗಾಗಿ ಮಾತಾಡಬೇಕಾದ ಗಳಿಗೆ ನಿಮ್ಮಲ್ಲಿ ಯಾರಿಗೆ ಬೇಕಾದರೂ ಬರಬಹುದು.

ಹಾಗಾದರೆ ಒಳ್ಳೆಯ ಗೆಳೆಯನನ್ನು ಗುರುತಿಸುವುದು ಹೇಗೆ? ಚಿಕ್ಕದೇವರಾಜರ ಬದುಕು ಕೆಲವು ಸುಳಿವುಗಳನ್ನು ಕೊಡುತ್ತದೆ. ನಿಮ್ಮಲ್ಲಿ ಕೊಡಲು ಏನೂ ಇಲ್ಲದ ಹೊತ್ತಿನಲ್ಲಿ ಯಾರು ಜೊತೆಗಿದ್ದರು ಎಂದು ನೆನಪಿಟ್ಟುಕೊಳ್ಳಿ. ಅವರ ಜೊತೆ ಒಂದು ಸಂಜೆ ಕಳೆದು ಎದ್ದಾಗ ಒಂದಿಷ್ಟು ಹೆಚ್ಚು ತಿಳಿದುಕೊಂಡಿರಾ, ಇಲ್ಲ ಒಂದಿಷ್ಟು ಕಳೆದುಕೊಂಡಿರಾ ಎಂದು ನೋಡಿಕೊಳ್ಳಿ. ಜಾತಿ, ಬೀದಿ, ಮನೆಯ ಅನುಕೂಲ ನೋಡಿ ಗೆಳೆಯರನ್ನು ಆರಿಸಬೇಡಿ. ನೀವು ತಪ್ಪು ಮಾಡಿದಾಗ ಮುಖಕ್ಕೆ ಹೇಳುವವನನ್ನು ದೂರ ಮಾಡಬೇಡಿ. ನಿಮ್ಮ ಗೆಳೆಯ ತಪ್ಪು ಮಾಡುವಾಗ ಅವನಿಗೆ ಬೇಸರವಾದೀತೆಂದು ಸುಮ್ಮನಿರಬೇಡಿ. ಕೊಟ್ಟ ಮಾತನ್ನು, ಕಾಲ ಬದಲಾದ ಮೇಲೂ ನಡೆಸಿ.

ಒಳ್ಳೆಯ ಗೆಳೆಯ ಸಿಗಲಿಲ್ಲ ಎಂದು ಕೊರಗುವವರು ಒಂದು ಮಾತನ್ನು ಯೋಚಿಸಬೇಕು. ವಿಶಾಲಾಕ್ಷನಿಗೆ ಚಿಕ್ಕದೇವರಾಜ ಸಿಕ್ಕಿದ್ದು ಎಷ್ಟು ಅದೃಷ್ಟವೋ, ಚಿಕ್ಕದೇವರಾಜನಿಗೆ ವಿಶಾಲಾಕ್ಷ ಸಿಕ್ಕಿದ್ದೂ ಅಷ್ಟೇ ಅದೃಷ್ಟ. ಇಬ್ಬರಲ್ಲಿ ಯಾರಾದರೊಬ್ಬರು ಮೊದಲು ಮಾತಾಡಿಸಿರಲೇಬೇಕು. ತರಗತಿಯ ಮೂಲೆಯಲ್ಲಿ ಒಬ್ಬನೇ ಕೂರುವ, ಯಾರೂ ಆಟಕ್ಕೆ ಕರೆಯದ ಹುಡುಗ ನಿಮ್ಮ ಶಾಲೆಯಲ್ಲೂ ಇದ್ದಾನೆ. ನಾಳೆ ಬೆಳಿಗ್ಗೆ ಅವನ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ.